ಬಹುಮಾನಕ್ಕೆ ಬಾರದ ಎಮ್ಮೆ

ಕಳೆದ ಮಳೆಗಾಲದಲ್ಲಿ ಪುಣೆಯ ನಮ್ಮ ಕಡೆಯ ಕನ್ನಡ ಬಳಗವೊಂದು ಕತೆ, ಕವಿತೆ, ಚಿತ್ರಗಳ ಸ್ಪರ್ಧೆ ಇಟ್ಟಿತ್ತು. ವಿಷಯ, ಮನುಷ್ಯರ ಮತ್ತು ಪ್ರಾಣಿಗಳ ನಂಟು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಎರಡು ಶನಿವಾರ ಕೂತು ಓದಿದೆವು, ನೋಡಿದೆವು, ಅಂಕ ಹಾಕಿದೆವು. ಮೊದಲ ಬಹುಮಾನ ಒಂದು ನಾಯಿಯ ಕತೆಗೆ ಹೋಯಿತು. ಅದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟವನು ನಾನು. ಈಗ ಬರೆಯುತ್ತಿರುವುದು ನನ್ನದೇ ಆ ಅಂಕಪಟ್ಟಿಯ ವಿರುದ್ಧ.

ಬಂದ ಬರಹಗಳಲ್ಲಿ ಹೆಚ್ಚಿನವು ನಾಯಿಯವು. ಆಮೇಲೆ ಹಸು, ಗಿಳಿ, ಒಂದೆರಡು ಬೆಕ್ಕು. ಬಹುತೇಕ ಎಲ್ಲ ಪ್ರಾಣಿಗಳಿಗೂ ಮಾತು ಬರುತ್ತದೆ, ಅದೂ ಗ್ರಾಂಥಿಕ ಕನ್ನಡದಲ್ಲಿ. ಬೆಳಗಾವಿಯ ಗಲ್ಲಿಯಲ್ಲಿ ಹುಟ್ಟಿದ ಬೀದಿನಾಯಿ ಕೂಡ ‘ಓ ನನ್ನ ಒಡೆಯನೇ’ ಎಂದೇ ಶುರು ಮಾಡುತ್ತದೆ. ಮಾತು ಬಂದ ಮೇಲೆ ಅದು ಏನು ಹೇಳುತ್ತದೆ? ಉಪಕಾರ ಸ್ಮರಣೆ ಮಾಡುತ್ತದೆ. ಹಸಿವಾಯಿತು, ಬೇಸರವಾಯಿತು, ಈ ಬಾಲ್ಕನಿ ಸಾಕಾಯಿತು ಎಂದು ಯಾವ ಪ್ರಾಣಿಯೂ ಬಾಯಿ ಬಿಡುವುದಿಲ್ಲ. ಕೊನೆಯ ಪುಟದಲ್ಲಿ ಅದು ಸಾಯುತ್ತದೆ, ಸಾಯುವ ಮುಂಚೆ ಒಮ್ಮೆ ಬಾಲ ಅಲ್ಲಾಡಿಸುತ್ತದೆ. ನನ್ನ ಒಂಬತ್ತು ಅಂಕ ಹೋದದ್ದು ಆ ಬಾಲಕ್ಕೇ. ಓದುವಾಗ ನಿಜವಾಗಿ ಕಣ್ಣು ತುಂಬಿತ್ತು, ಸುಳ್ಳು ಹೇಳುವುದಿಲ್ಲ.

ಆದರೆ ಒಂದೇ ಕಟ್ಟಿನಲ್ಲಿ ಅಷ್ಟು ಸಾವು ಓದಿದರೆ ಅನುಮಾನ ಹುಟ್ಟಲೇಬೇಕು. ಪ್ರಾಣಿ ಯಾಕೆ ಸಾಯಬೇಕು? ಬದುಕಿದ್ದರೆ ಲೆಕ್ಕ ಮುಗಿಯುವುದಿಲ್ಲ, ಅದಕ್ಕೆ. ಬದುಕಿರುವ ನಾಯಿಯನ್ನು ಬೆಳಗ್ಗೆ ಆರಕ್ಕೆ ಹೊರಗೆ ಒಯ್ಯಬೇಕು. ಕಂಪನಿಯವರು ಪುಣೆಯಿಂದ ಹೈದರಾಬಾದಿಗೆ ವರ್ಗ ಮಾಡಿದರೆ ಅದನ್ನು ಏನು ಮಾಡುವುದು ಎಂದು ಮನೆಯಲ್ಲಿ ಜಗಳ ಆಗಬೇಕು. ನಾಯಿ ಇದೆ ಎಂದ ಕೂಡಲೇ ಬಾಡಿಗೆ ಮನೆಯ ಮಾಲೀಕ ದನಿ ಬದಲಿಸಬೇಕು. ಇದೆಲ್ಲ ನಮ್ಮ ಓದುಗರ ಮನೆಯಲ್ಲಿ ದಿನವೂ ನಡೆಯುವುದೇ, ಬರೆದವರ ಮನೆಯಲ್ಲೂ ನಡೆದಿರುತ್ತದೆ. ಕತೆಗೆ ಮಾತ್ರ ಬಂದಿಲ್ಲ. ಸಾವು ಬಂದರೆ ಇಷ್ಟೂ ಮರೆಯಾಗಿ ಬರೀ ಪ್ರೀತಿ ಉಳಿಯುತ್ತದೆ. ಪ್ರೀತಿಗೆ ತಕರಾರು ತೆಗೆಯಲು ಎದುರಿನವರು ಇರುವುದೂ ಇಲ್ಲ.

ಇದರಲ್ಲಿ ‘777 ಚಾರ್ಲಿ’ಯ ಪಾಲು ಎಷ್ಟು ಎಂದು ಕೇಳಬಹುದು. ಕಿರಣ್‌ರಾಜ್ ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ಆ ಸಿನಿಮಾ 2022ರಲ್ಲಿ ಬಂತು, ಮುಂದೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಪುಣೆಯ ಚಿತ್ರಮಂದಿರದಲ್ಲಿ ನನ್ನ ಅಕ್ಕಪಕ್ಕದವರು ಮೂಗು ಒರೆಸಿಕೊಳ್ಳುತ್ತಿದ್ದುದು ನೆನಪಿದೆ. ನಮ್ಮ ಸ್ಪರ್ಧೆಯ ಕತೆಗಳಲ್ಲಿ ಮೂರು ನಾಯಿಗಳು ಹಿಮ ನೋಡಲು ಹೊರಟಿದ್ದವು! ಆದರೆ ಅನುಕರಿಸಿದವರು ಆ ಚಿತ್ರದ ಗಟ್ಟಿ ಭಾಗವನ್ನು ಬಿಟ್ಟು ಮೆತ್ತಗಿನ ಭಾಗವನ್ನು ಎತ್ತಿಕೊಂಡಿದ್ದಾರೆ. ಚಾರ್ಲಿಗೆ ಬರುವ ಕ್ಯಾನ್ಸರ್ ಆಕಾಶದಿಂದ ಬಿದ್ದದ್ದಲ್ಲ. ದುಡ್ಡಿಗಾಗಿ ಒಂದೇ ಬಳಗದ ನಾಯಿಗಳನ್ನು ಮತ್ತೆ ಮತ್ತೆ ಕೂಡಿಸಿ ಮರಿ ಹಾಕಿಸುವ ದಂಧೆಯ ಕಡೆಗೆ ಸಿನಿಮಾ ಬೊಟ್ಟು ಮಾಡುತ್ತದೆ. ಮುದ್ದು ಮುಖದ ಲ್ಯಾಬ್ರಡಾರ್ ಬೇಕು ಎಂದು ಹಟ ಹಿಡಿಯುವ ನಮ್ಮಂಥವರ ಪ್ರೀತಿಯೇ ಆ ದಂಧೆಯ ಬಂಡವಾಳ. ಎರಡೂವರೆ ಗಂಟೆ ಮೀರಿದ ಸಿನಿಮಾದಲ್ಲಿ ಈ ಮಾತು ಚಿಕ್ಕದಾಗಿಯೇ ಬರುತ್ತದೆ ನಿಜ, ಹಾಡು ಮತ್ತು ಹಿಮದಡಿ ಹೂತೂ ಹೋಗುತ್ತದೆ. ಆದರೂ ಇದೆ. ನಾವು ಬಹುಮಾನ ಕೊಟ್ಟ ಕತೆಯಲ್ಲಿ ನಾಯಿ ಎಲ್ಲಿಂದ ಬಂತು ಎನ್ನುವ ಒಂದು ವಾಕ್ಯವೂ ಇಲ್ಲ. ಹುಟ್ಟುಹಬ್ಬದ ದಿನ ಅಪ್ಪ ತರುತ್ತಾನೆ, ಅಷ್ಟೇ.

ತೀರ್ಪುಗಾರರು ಮೋಸಹೋಗುವುದು ಹೊಸದಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಸ್ಪೇನಿನ ಒಂದು ತೋಳದ ಚಿತ್ರಕ್ಕೆ ಬಂದಿತ್ತು. ರಾತ್ರಿಯ ಕತ್ತಲೆ, ಮರದ ಗೇಟು, ಅದರ ಮೇಲೆ ಹಾರುತ್ತಿರುವ ತೋಳ. ಮಕ್ಕಳ ಕತೆಯ ತೋಳವೇ ಎದ್ದು ಬಂದಂತಿತ್ತು. ಸಂದಿಯಲ್ಲಿ ನುಸುಳಿ ಹೋಗಬಹುದಾಗಿದ್ದ ತೋಳ ಹಾರಿದ್ದು ಯಾಕೆ ಎಂದು ಯಾರೋ ಕೇಳಿದರು. ಅದು ಬಹುಶಃ ಪಳಗಿಸಿದ ತೋಳ ಎಂದು ತೀರ್ಪುಗಾರರಿಗೆ ಅನಿಸಿತು, 2010ರ ಜನವರಿಯಲ್ಲಿ ಬಹುಮಾನ ವಾಪಸಾಯಿತು. ಛಾಯಾಗ್ರಾಹಕ ಅದನ್ನು ಒಪ್ಪಲಿಲ್ಲ. ನನಗೆ ಇಲ್ಲಿ ಮುಖ್ಯವಾದದ್ದು ಆ ಪ್ರಶ್ನೆ. ತನ್ನ ಪಾಡಿಗೆ ಇರುವ ತೋಳ ನುಸುಳುತ್ತದೆ, ಚಿತ್ರಕ್ಕೆ ಬೇಕಾದ ತೋಳ ಹಾರುತ್ತದೆ. ನಮ್ಮ ಕಟ್ಟಿನ ನಾಯಿಗಳೆಲ್ಲ ಗೇಟು ಹಾರುವ ನಾಯಿಗಳು. ಅವುಗಳನ್ನು ಪಳಗಿಸಿದ್ದು ನಾವು, ಓದುಗರು.

ಇನ್ನು ಗೋವಿನ ಹಾಡು. ಕನ್ನಡದಲ್ಲಿ ಪ್ರಾಣಿಯ ಬಗ್ಗೆ ಬರೆಯಿರಿ ಎಂದರೆ ಪುಣ್ಯಕೋಟಿ ಬಾರದೆ ಇರುವುದಿಲ್ಲ. ನಮ್ಮ ಸ್ಪರ್ಧೆಗೂ ಬಂದಳು, ಚಿತ್ರಗಳಲ್ಲಂತೂ ಸಾಲುಗಟ್ಟಿ ಬಂದಳು. ಎಲ್ಲದರಲ್ಲೂ ಹಸುವಿನ ಕೊರಳು ತಬ್ಬಿಕೊಂಡ ಒಂದು ಮಗು. ಆ ಹಾಡನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಾವು ಒಂದು ಸಂಗತಿ ಗಮನಿಸಿಯೇ ಇಲ್ಲ. ಅಲ್ಲಿ ಮಗು ಇಲ್ಲ. ಮನುಷ್ಯನೇ ಹೆಚ್ಚುಕಡಿಮೆ ಇಲ್ಲ. ಮೊದಲಿಗೆ ಗೊಲ್ಲ ಕಾಳಿಂಗ ಬರುತ್ತಾನೆ, ದನಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ, ಹಾಲು ಕರೆಯುತ್ತಾನೆ. ಮುಂದಿನ ಧರ್ಮಸಂಕಟವೆಲ್ಲ ಹಸು, ಕರು, ಹುಲಿ ಇವುಗಳದ್ದು. ತಬ್ಬಲಿ ಕರುವನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಕಾಳಿಂಗನವರೆಗೆ ಹೋಗುವುದೇ ಇಲ್ಲ, ಉಳಿದ ಹಸುಗಳ ಜೊತೆಗೇ ಇತ್ಯರ್ಥವಾಗುತ್ತದೆ. ಕೊನೆಗೆ ಸಾಯುವುದು ಹುಲಿ, ಅದೂ ನಮಗಾಗಿ ಅಲ್ಲ, ತನ್ನದೇ ನಾಚಿಕೆಗೆ. ಹಾಗಾದರೆ ನಂಟು ಎಲ್ಲಿದೆ ಎಂದರೆ, ನನ್ನ ಪ್ರಕಾರ ಆ ಕರೆಯುವುದರಲ್ಲಿದೆ. ಎಷ್ಟು ದನ ಇದ್ದರೂ ಒಂದೊಂದಕ್ಕೆ ಒಂದೊಂದು ಹೆಸರು, ಕರೆದರೆ ಬರುತ್ತದೆ, ಬಂದರೆ ಹಾಲು. ಕೊಡುವುದು ಇದೆ, ತೆಗೆದುಕೊಳ್ಳುವುದೂ ಇದೆ, ಮುಚ್ಚುಮರೆ ಇಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಯಾರೂ ಪ್ರಾಣಿಯ ಕಾದಂಬರಿ ಎಂದು ಓದುವುದಿಲ್ಲ. ಆದರೆ ಈ ಸ್ಪರ್ಧೆಯ ವಿಷಯಕ್ಕೆ ಅದಕ್ಕಿಂತ ಹತ್ತಿರದ ಪುಸ್ತಕ ನನಗೆ ಗೊತ್ತಿಲ್ಲ. ಚೋಮನ ಹತ್ತಿರ ಒಂದು ಜೊತೆ ಎತ್ತುಗಳಿವೆ. ಉಳುವ ಆಸೆ ಇದೆ. ಅವನ ಜಾತಿಯವನಿಗೆ ಬೇಸಾಯಕ್ಕೆ ನೆಲ ಕೊಡುವುದಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ, ಎತ್ತುಗಳು ಮಾತ್ರ ಅವನ ಬಳಿಯೇ ಉಳಿಯುತ್ತವೆ. ಉಳಲಾಗದವನ ಮನೆಯಲ್ಲಿ ಉಳುವ ಎತ್ತು! ಇದು ಪ್ರೀತಿಯೋ ಹುಚ್ಚೋ ಹಟವೋ ಎಂದು ಕಾರಂತರು ಬಿಡಿಸಿ ಹೇಳುವುದಿಲ್ಲ. ಕೊನೆಯಲ್ಲಿ ಆ ಎತ್ತುಗಳನ್ನು ಅಟ್ಟಿಬಿಟ್ಟು ಚೋಮ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತಾನೆ. ಮನುಷ್ಯ ಮತ್ತು ಪ್ರಾಣಿಯ ನಡುವೆ ನೆಲ ಇದೆ, ಜಾತಿ ಇದೆ, ಸಾಲ ಇದೆ. ಅದನ್ನು ತೆಗೆದುಹಾಕಿ ಬರೀ ಇಬ್ಬರ ನಂಟು ಬರೆಯುತ್ತೇನೆ ಎಂದರೆ ಕೈಗೆ ಬರುವುದು ಗ್ರೀಟಿಂಗ್ ಕಾರ್ಡು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ವಿನ ಹುಲಿಯನನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಸಾಮಾನ್ಯವಾಗಿ ನಾಯಿಗೆ ಮನುಷ್ಯ ಹೆಸರಿಡುತ್ತಾನೆ. ಅಲ್ಲಿ ನಾಯಿಯಿಂದಾಗಿ ಮನುಷ್ಯನೇ ‘ನಾಯಿಗುತ್ತಿ’ ಆಗಿದ್ದಾನೆ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಅಷ್ಟು ಜನ ಕಾಡು ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಯಾರ ಕೈಗೂ ದಕ್ಕದೆ ಪ್ರಪಾತಕ್ಕೆ ತೇಲಿ ಹೋಗುತ್ತದೆ. ಅದು ಯಾರಿಗೂ ಉಪಕಾರ ಸ್ಮರಣೆ ಮಾಡುವುದಿಲ್ಲ. ನಮ್ಮ ಸ್ಪರ್ಧೆಗೆ ಬಂದಿದ್ದರೆ ಆ ಓತಿ ಒಮ್ಮೆ ಹಿಂದಿರುಗಿ ನೋಡುತ್ತಿತ್ತು.

ಈಗ ಎಮ್ಮೆಯ ವಿಷಯ. ಕಟ್ಟಿನ ನಡುವೆ ಎರಡೂವರೆ ಪುಟದ ಒಂದು ಬರಹ ಇತ್ತು. ಬರೆದವಳು ಇಲ್ಲಿ ಓದಲು ಬಂದ ಹುಡುಗಿ, ಊರು ವಿಜಯಪುರದ ಕಡೆ. ಹಾಸ್ಟೆಲ್ ಫೀ ಕಟ್ಟಲು ಮನೆಯವರು ಎಮ್ಮೆ ಮಾರುತ್ತಾರೆ. ಎಮ್ಮೆ ಮಾತಾಡುವುದಿಲ್ಲ, ಸಾಯುವುದೂ ಇಲ್ಲ. ಎಷ್ಟಕ್ಕೆ ಮಾರಿದರು, ದಲ್ಲಾಳಿ ಟವೆಲ್ಲಿನ ಅಡಿ ಬೆರಳು ಹಿಡಿದು ಎಷ್ಟು ಕೇಳಿದ, ತಾಯಿ ಎಷ್ಟಕ್ಕೆ ನಿಂತಳು, ಎಲ್ಲ ಇದೆ. ಆ ಎಮ್ಮೆ ಒದೆಯುತ್ತಿತ್ತು, ಈ ಹುಡುಗಿಗೆ ಅದನ್ನು ಕಂಡರೆ ಅಷ್ಟೇನೂ ಆಗುತ್ತಿರಲಿಲ್ಲ ಎನ್ನುವುದೂ ಇದೆ. ಮಾರುವಾಗ ಅವರ ಮನೆಯಲ್ಲಿ ಹಗ್ಗ ಕೊಡುವುದಿಲ್ಲವಂತೆ. ಕೊಂಡವನು ತನ್ನ ಹಗ್ಗ ತರಬೇಕು, ಇವರ ಹಗ್ಗ ಮನೆಯ ಗೂಟದಲ್ಲೇ ಉಳಿಯಬೇಕು. ದೀಪಾವಳಿಗೆ ಊರಿಗೆ ಹೋದಾಗ ತಾಯಿ ಆ ಹಗ್ಗವನ್ನು ಬಾವಿಗೆ ಕಟ್ಟಿ ನೀರು ಸೇದುತ್ತಿದ್ದಾಳೆ. ಹಗ್ಗ ಹಳೆಯದು, ಗಟ್ಟಿ ಇದೆ ಎನ್ನುತ್ತಾಳೆ. ಬರಹ ಅಲ್ಲಿಗೆ ಮುಗಿಯುತ್ತದೆ.

ನಾನು ಇದಕ್ಕೆ ಆರು ಅಂಕ ಕೊಟ್ಟಿದ್ದೆ. ಭಾಷೆ ಅಲ್ಲಲ್ಲಿ ಎಡವುತ್ತದೆ, ಒಂದೇ ವಾಕ್ಯದಲ್ಲಿ ಮೂರು ಕಾಲ ಬರುತ್ತದೆ, ಇತ್ಯಾದಿ ಕಾರಣ ಬರೆದಿದ್ದೆ. ನಿಜವಾದ ಕಾರಣ ಅದಲ್ಲ. ಓದಿದಾಗ ಅಳು ಬರಲಿಲ್ಲ, ಒಂದು ತರಹ ಕಸಿವಿಸಿ ಆಯಿತು. ನಮ್ಮ ಮನೆಯ ಕಿಲಾರಿ ಎತ್ತುಗಳು ಹೋದದ್ದೂ ನಾನು ಕಾಲೇಜು ಸೇರಿದ ವರ್ಷವೇ. ಯಾರಿಗೆ ಹೋದವು ಎಂದು ಅಪ್ಪನನ್ನು ನಾನು ಇಂದಿಗೂ ಕೇಳಿಲ್ಲ. ನಗರಕ್ಕೆ ಬಂದ ನಮ್ಮಲ್ಲಿ ಎಷ್ಟೋ ಜನರ ಡಿಗ್ರಿಯ ಹಿಂದೆ ಹೀಗೆ ಸಂತೆಗೆ ನಡೆದುಹೋದ ಒಂದು ಪ್ರಾಣಿ ಇದೆ. ನಂಟು ಎಂದರೆ ಅದೂ ನಂಟೇ, ಆದರೆ ಅದನ್ನು ಸಂಭ್ರಮಿಸುವುದು ಹೇಗೆ?

ನಮ್ಮ ಜೊತೆಗಿದ್ದ ಹಿರಿಯ ತೀರ್ಪುಗಾರರು ನಿವೃತ್ತ ಶಿಕ್ಷಕಿ, ಧಾರವಾಡದವರು. ಎಮ್ಮೆಯ ಬರಹಕ್ಕೆ ಅವರು ನನಗಿಂತ ಹೆಚ್ಚು ಅಂಕ ಕೊಟ್ಟಿದ್ದರು. ಆದರೂ ಮೊದಲ ಬಹುಮಾನದ ಮಾತು ಬಂದಾಗ ಅವರೇ ತಡೆದರು.

“ತಮ್ಮಾ, ವೇದಿಕೆ ಮ್ಯಾಲೆ ಇದನ್ನ ಓದಿಸಿದ್ರ ಮಂದಿ ಏನ್ ಮಾಡ್ತಾರ? ಚಪ್ಪಾಳಿ ತಟ್ಟಬೇಕೋ ಬ್ಯಾಡೋ ಗೊತ್ತಾಗೂದಿಲ್ಲ ಅವ್ರಿಗೆ.”

“ಹೌದ್ರಿ ಅಕ್ಕಾರ,” ಎಂದೆ ನಾನು. ಅಷ್ಟು ಬೇಗ ಒಪ್ಪಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಸ್ಪರ್ಧೆ ಎಂದ ಮೇಲೆ ವೇದಿಕೆ ಇರುತ್ತದೆ, ಮಕ್ಕಳು ಇರುತ್ತಾರೆ, ಉಪ್ಪಿಟ್ಟು ಇರುತ್ತದೆ. ಸಂಭ್ರಮಿಸುವುದೇ ತಪ್ಪು ಎಂದೂ ನಾನು ಹೇಳುತ್ತಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆ ಇದೆಯಲ್ಲ, ಅದಕ್ಕಿಂತ ದೊಡ್ಡ ಸಂಭ್ರಮ ಯಾವುದು? ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಕರಿ ಹರಿಯುವುದು. ಯಾವ ಬಣ್ಣದ ಎತ್ತು ಮುಂದೆ ಬಂತು ಎನ್ನುವುದರ ಮೇಲೆ ಆ ವರ್ಷದ ಬೆಳೆಯ ಲೆಕ್ಕ ಹಾಕುತ್ತಾರೆ. ಅದೂ ಒಂದು ಸ್ಪರ್ಧೆಯೇ. ಆದರೆ ಅಲ್ಲಿ ಎತ್ತನ್ನು ಯಾಕೆ ಪೂಜಿಸುತ್ತೇವೆ ಎನ್ನುವುದು ಎಲ್ಲರಿಗೂ ಗೊತ್ತು. ಮುಂದೆ ಮಳೆ ಇದೆ, ಬಿತ್ತನೆ ಇದೆ, ಎತ್ತಿನ ಹೆಗಲ ಮೇಲೆ ನೊಗ ಬೀಳಲಿಕ್ಕಿದೆ. ಹೋಳಿಗೆ ತಿನ್ನಿಸುವ ಕೈಯೇ ಬಾರುಕೋಲನ್ನೂ ಹಿಡಿಯುತ್ತದೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಗ ಎತ್ತು ಇಲ್ಲದವರ ಮನೆಯಲ್ಲೂ ಜಗಲಿಯ ಮೇಲೆ ಮಣ್ಣಿನ ಜೋಡಿ ಕೂರುತ್ತದೆ.

ಆ ಅಮಾವಾಸ್ಯೆ ಕಳೆದು ಕೆಲವೇ ದಿನಕ್ಕೆ ನಮ್ಮ ಸ್ಪರ್ಧೆ ಬಂದಿದ್ದರಿಂದ ಒಬ್ಬ ಹುಡುಗ ಮಣ್ಣೆತ್ತನ್ನೇ ತಂದುಕೊಟ್ಟಿದ್ದ. ಇಲ್ಲಿಯ ಯಾವುದೋ ಕಟ್ಟಡದ ಪಾಯದ ಮಣ್ಣಿರಬೇಕು, ಒಣಗಿ ಬಿರುಕು ಬಿಟ್ಟಿತ್ತು, ಒಂದು ಕೊಂಬು ಮುರಿದು ಬೆಂಕಿಕಡ್ಡಿಯಿಂದ ಜೋಡಿಸಿದ್ದ. ‘ಚಿತ್ರ’ ಎಂದರೆ ಕಾಗದದ ಮೇಲಿನದು ಎಂದು ನಿಯಮ. ಹಾಗಾಗಿ ಅದನ್ನು ಪಕ್ಕಕ್ಕಿಟ್ಟೆವು. ಇವತ್ತಿಗೂ ಅದು ನಮ್ಮ ಮನೆಯ ಟಿವಿಯ ಹತ್ತಿರ ಇದೆ, ವಾಪಸು ಕೊಡಬೇಕು.

ಬಹುಮಾನ ಪಡೆದ ನಾಯಿಯ ಕತೆ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ವಾಕ್ಯ ಕಟ್ಟುವುದು ಚೆನ್ನಾಗಿ ಗೊತ್ತು. ಮುಂದಿನ ಸಲ ಆ ನಾಯಿಯನ್ನು ಸಾಯಿಸದೆ ಇನ್ನೂ ಐದು ಪುಟ ಬದುಕಿಸಿದರೆ, ಅದಕ್ಕೆ ವಯಸ್ಸಾಗಿ ಮೆಟ್ಟಿಲು ಹತ್ತಲು ಆಗದ ಕಾಲದವರೆಗೆ ತಂದರೆ, ಲಿಫ್ಟಿನಲ್ಲಿ ಒಯ್ಯಬೇಡಿ ಎಂದು ಪಕ್ಕದ ಮನೆಯವರು ಮುಖ ಸಿಂಡರಿಸುವುದನ್ನು ಬರೆದರೆ, ನಾನು ಮೊದಲ ಓದುಗನಾಗುತ್ತೇನೆ.

ಬಳಗದವರು ಆಯ್ದ ಬರಹಗಳ ಸಣ್ಣ ಪುಸ್ತಕ ತರುತ್ತಿದ್ದಾರೆ. ಎಮ್ಮೆಯ ಬರಹ ಮೊದಲು ಇರಲಿ ಎಂದು ಬರೆದು ಕಳಿಸಿದೆ, ಒಪ್ಪಿದರು. ಒಂದು ಪುಟ ಕಡಿಮೆ ಮಾಡಬೇಕು ಎಂದು ಆ ಹುಡುಗಿಗೆ ಹೇಳಿದ್ದರಂತೆ. ತಿದ್ದಿದ ಪ್ರತಿ ಕಳೆದ ವಾರ ನನಗೂ ಬಂತು. ಎಮ್ಮೆಯನ್ನು ಪುಣ್ಯಕೋಟಿಗೆ ಹೋಲಿಸಿದ್ದ ಒಂದು ಪ್ಯಾರಾ ಇತ್ತು, ಅದನ್ನು ಪೂರ್ತಿ ಹೊಡೆದುಹಾಕಿದ್ದಾಳೆ. ದಲ್ಲಾಳಿಯ ಟವೆಲ್ಲು, ತಾಯಿ ನಿಂತ ರೇಟು, ಹಗ್ಗ, ಮೂರೂ ಇದ್ದಹಾಗೇ ಇವೆ.