ಸ್ಲೋಕಮನ ಸಮುದ್ರಯಾನಗ್ರಂಥದಲ್ಲಿ ಸ್ವಭಾವೋಕ್ತಿ

ಮಹಾಕಾವ್ಯದಲ್ಲಿ ವರ್ಣಿಸತಕ್ಕ ವಿಷಯಗಳನ್ನು ಎಣಿಸುವಾಗ ದಂಡಿಯು ನಗರದ ಬೆನ್ನಿಗೇ ಸಮುದ್ರವನ್ನು ಹೇಳಿರುವನು. ರಘುವಂಶದ 13ನೆಯ ಸರ್ಗದಲ್ಲಿ ತಿಮಿಗಳು ತಲೆಯ ರಂಧ್ರಗಳಿಂದ ನೀರನ್ನು ಮೇಲಕ್ಕೆ ಚಿಮ್ಮಿಸುವ ರಮ್ಯವಾದ ಚಿತ್ರವಿದೆ. ಆದರೆ ಅದನ್ನು ಸೀತೆಗೆ ತೋರಿಸುವ ರಾಮನು ಪುಷ್ಪಕವಿಮಾನದಲ್ಲಿರುವನು. ಆ ನೀರಿನ ಹನಿಯು ಅವನಿಗೆ ಸೋಕದು. ಸೋಕಿದವನ ಬರಹವು ಎಂತಹುದೆಂಬುದಕ್ಕೆ ಜೋಷುವ ಸ್ಲೋಕಮನು 1900ರಲ್ಲಿ ಪ್ರಕಟಿಸಿದ 'ಸೇಲಿಂಗ್ ಅಲೋನ್ ಅರೌಂಡ್ ದಿ ವರ್ಲ್ಡ್' ಎಂಬ ಗ್ರಂಥವು ನಿದರ್ಶನವಾಗಿದೆ.

ಈ ನಾವಿಕನು ತನ್ನ 51ನೆಯ ವಯಸ್ಸಿನಲ್ಲಿ, 1895ನೆಯ ಏಪ್ರಿಲ್ 24ರಂದು, 'ಸ್ಪ್ರೇ' ಎಂಬ 36 ಅಡಿ 9 ಅಂಗುಲ ಉದ್ದದ ಹಾಯಿನೌಕೆಯಲ್ಲಿ ಬಾಸ್ಟನ್ನಿನಿಂದ ಒಬ್ಬನೇ ಹೊರಟು, ಭೂಮಂಡಲವನ್ನು ಸುತ್ತಿ, 1898ನೆಯ ಜೂನ್ 27ರಂದು ನ್ಯೂಪೋರ್ಟಿಗೆ ಹಿಂದಿರುಗಿದನು. ಕ್ರಮಿಸಿದ ದಾರಿ ಸುಮಾರು 46,000 ಮೈಲಿ.

ಇದು ಹಡಗಿನ ದಿನಚರಿಯೇ ಹೊರತು ಸಾಹಿತ್ಯವಲ್ಲವೆಂಬುದು ಪೂರ್ವಪಕ್ಷ. ಹ್ವಾನ್ ಫರ್ನಾಂಡಿಸ್ ದ್ವೀಪದಿಂದ ಸಮೋವಕ್ಕೆ 72 ದಿನಗಳ ಪಯಣ. ಅಲ್ಲಿ ಹೇಳಿರುವುದಾದರೂ ಏನು? ಚುಕ್ಕಾಣಿಯನ್ನು ಕಟ್ಟಿಬಿಟ್ಟು ಓದಿದುದು, ಬಟ್ಟೆಗೆ ತೇಪೆ ಹಾಕಿದುದು, ಅಡಿಗೆ ಮಾಡಿ ಉಂಡುದು. ಕಾಲವನ್ನಳೆಯಲು ಒಂದು ಡಾಲರಿಗೆ ಕೊಂಡ, ಮುಖವೊಡೆದ ತಗಡಿನ ಗಡಿಯಾರ. ಆಹಾರವೆಂದರೆ ಆಲೂಗೆಡ್ಡೆ, ಉಪ್ಪುಮೀನು, ಬಿಸ್ಕತ್ತು.

ಈ ಆಕ್ಷೇಪವು ನಿಲ್ಲಲಾರದು. ಸ್ವಭಾವೋಕ್ತಿಯನ್ನು ದಂಡಿಯು ಆದ್ಯಾಲಂಕಾರವೆಂದನು. ವಸ್ತುಸ್ವಭಾವವೇ ಅಲಂಕಾರ್ಯವಾದುದರಿಂದ ಅದು ಅಲಂಕಾರವಾಗಲಾರದೆಂದು ಕುಂತಕನು ನಿರಾಕರಿಸಿದನು. ಸ್ಲೋಕಮನಲ್ಲಿ ಕುಂತಕನ ಮತವೇ ಹೆಚ್ಚು ಸಂಗತವೆಂದು ತೋರುತ್ತದೆ. ರಾತ್ರಿ ಅವನು ಒಳಗಿರುವಾಗ ಒಂದು ತಿಮಿಂಗಿಲವು ನೌಕೆಯನ್ನು ಕಂಡು ಬೆದರಿ ಬುಸುಗುಟ್ಟಿ ಪಕ್ಕಕ್ಕೆ ತಿರುಗುತ್ತದೆ. ಸದ್ದು ಕೇಳಿ ಮೇಲೆ ಬಂದವನನ್ನು ಅದರ ಬಾಲದ ನೀರು ತೋಯಿಸುತ್ತದೆ. ಅದು ಪೂರ್ವಕ್ಕೆ, ಇವನು ಪಶ್ಚಿಮಕ್ಕೆ. ಇಲ್ಲಿ ಉಪಮೆಯನ್ನು ಸೇರಿಸಿದರೆ ಚಿತ್ರವು ಕುಂದುವುದೇ ಸರಿ.

ಗ್ರಂಥದ ಜೀವಾಳವು ಇನ್ನೂ ಆಳದಲ್ಲಿದೆ. ಯಾನದ ಮೊದಲ ವರ್ಷ ಅಟ್ಲಾಂಟಿಕ್‌ನಲ್ಲಿ, ನೀರ ಮೇಲೆ ನಿದ್ರಿಸುತ್ತಿದ್ದ ಕಡಲಾಮೆಯನ್ನು ಈಟಿಯಿಂದಿರಿದು ಸಂತೋಷದಿಂದ ಉಂಡವನು ಇವನೇ. ಕೇಪ್ ಹಾರ್ನ್ ಪ್ರಾಂತದ ಒಂಟಿತನವನ್ನು ಕಂಡ ಮೇಲೆ, ಆತ್ಮರಕ್ಷಣೆಗಲ್ಲದೆ ಲೋಕದಲ್ಲಿ ಒಂದು ಜೀವವನ್ನೂ ಕಡಮೆಮಾಡಲು ಮನಸ್ಸು ಬಾರದಾಯಿತೆನ್ನುತ್ತಾನೆ. ಆದರೂ ರಾತ್ರಿ ತಾವಾಗಿ ನೌಕೆಗೆ ಹಾರಿಬಿದ್ದ ಹಾರುಮೀನುಗಳನ್ನು ಬೆಳಗ್ಗೆ ಆಯ್ದು ತಿನ್ನುವನು. ಸಮೋವದಲ್ಲಿ ಕೋಳಿಯ ಸಾರನ್ನು ಉಂಡುದನ್ನೂ ಮುಚ್ಚಿಡನು. ಶಾರ್ಕ್ ಮೀನುಗಳನ್ನು ಹುಲಿಗಳೆಂದು ಗುಂಡಿಕ್ಕಿದಾಗ ತೃಪ್ತಿಯಾಯಿತೆಂದೂ ಒಪ್ಪಿಕೊಳ್ಳುವನು. ಇದನ್ನು ಪೂರ್ವಾಪರವಿರೋಧವೆಂಬ ದೋಷವಾಗಿ ಎಣಿಸಲಾಗದು. ಶಾಸ್ತ್ರಗ್ರಂಥದಲ್ಲಿ ಅದು ದೋಷ. ಮನುಷ್ಯನ ಚರಿತ್ರೆಯಲ್ಲಿ ಅದೇ ಪ್ರಮಾಣ. ಕರುಣೆಯು ಉಪದೇಶದಿಂದ ಬಂದುದಾಗಿದ್ದರೆ ಸಮಗ್ರವಾಗಿ ತೋರುತ್ತಿತ್ತು. ಒಂಟಿತನದಿಂದ ಹುಟ್ಟಿತಾಗಿ ಅಲ್ಲಲ್ಲಿ ಹರಿದಿದೆ.

ಉತ್ತರಾರ್ಧದಲ್ಲಿ ರೇವುಗಳ ಸ್ವಾಗತಸತ್ಕಾರಗಳು ಬೆಳೆದಂತೆ ಬರವಣಿಗೆಯ ಬಿಗಿ ಸಡಿಲುತ್ತದೆ; ನೆಲವನ್ನು ಮುಟ್ಟಿದೊಡನೆ ಲೇಖಕನು ಇತರ ಪ್ರವಾಸಿಗರಂತೆಯೇ ಆಗುವನು. ಈ ನ್ಯೂನತೆಯೂ ಸಿದ್ಧಾಂತವನ್ನೇ ಸಮರ್ಥಿಸುತ್ತದೆ. ಅವನ ಗದ್ಯಕ್ಕೆ ಆಧಾರವಾದುದು ಕಡಲಿನ ದಿನಚರಿ. ಅದು ತಪ್ಪಿದ ಕಡೆ ಗದ್ಯವೂ ತಪ್ಪಿತು. ಸಮುದ್ರವರ್ಣನೆಯನ್ನು ಪಾಠಹೇಳುವವರು ರಘುವಂಶದ ಸರ್ಗದ ಪಕ್ಕದಲ್ಲಿ ಈ ಪುಟಗಳನ್ನಿಟ್ಟು ನೋಡಿದರೆ, ಮೇಲಿನಿಂದ ಕಂಡ ಕಡಲಿಗೂ ಮೈ ತೋಯಿಸಿದ ಕಡಲಿಗೂ ಇರುವ ಅಂತರವು ವಿದ್ಯಾರ್ಥಿಗಳಿಗೆ ತಾನಾಗಿಯೇ ವಿದಿತವಾದೀತು.