ಹಾಡಿದವರು ಮತ್ತು ಬರೆದುಕೊಂಡವರು: ಜೇಮ್ಸ್ ಹಾಗ್‌ನ ಗಾಥಿಕ್ ಕಥನದ ಮೌಖಿಕ ನೆಲೆಗಳು

ಇಂಗ್ಲಿಷ್ ಗಾಥಿಕ್ ಕಾದಂಬರಿಯ ಆರಂಭವನ್ನು ಹೊರೇಸ್ ವಾಲ್‌ಪೋಲ್‌ನ ‘ದಿ ಕಾಸಲ್ ಆಫ್ ಒಟ್ರಾಂಟೊ’ (1764) ಕೃತಿಯಿಂದ ಗುರುತಿಸುವುದು ವಾಡಿಕೆ. ಹಳೆಯ ಮನೆತನವೊಂದರ ಗ್ರಂಥಭಂಡಾರದಲ್ಲಿ ದೊರೆತ ಇಟಾಲಿಯನ್ ಕೃತಿಯ ಅನುವಾದವೆಂದು ವಾಲ್‌ಪೋಲ್ ಅದನ್ನು ಮೊದಲು ಪ್ರಕಟಿಸಿದ. ಮರುವರ್ಷವೇ, 1765ರಲ್ಲಿ, ಥಾಮಸ್ ಪರ್ಸಿಯ ಪ್ರಾಚೀನ ಕಥನಗೀತೆಗಳ ಸಂಕಲನ ಹೊರಬಂದಿತು. ಅದಕ್ಕೆ ಆಧಾರವಾದ ಹಸ್ತಪ್ರತಿಯು ಗೆಳೆಯನೊಬ್ಬನ ಮನೆಯಲ್ಲಿ, ಕೆಲಸದ ಹೆಣ್ಣುಮಕ್ಕಳು ಬೆಂಕಿ ಹೊತ್ತಿಸಲು ಅದರ ಹಾಳೆಗಳನ್ನು ಬಳಸುತ್ತಿದ್ದಾಗ ತನಗೆ ದೊರೆಯಿತೆಂದು ಪರ್ಸಿ ಹೇಳಿಕೊಂಡಿದ್ದಾನೆ. ಮೊದಲನೆಯ ಹಸ್ತಪ್ರತಿ ಕಲ್ಪಿತ, ಎರಡನೆಯದು ವಾಸ್ತವ. ಆದರೆ ಎರಡರಲ್ಲಿಯೂ ಅಧಿಕಾರ ಸೇರುವುದು ಹಳೆಯದನ್ನು ‘ಕಂಡುಹಿಡಿದ’ ಸಂಪಾದಕನಿಗೆ. ಗಾಥಿಕ್ ಕಥನ ಮತ್ತು ಜಾನಪದ ಸಂಗ್ರಹ ಒಂದೇ ಕಾಲದ ಒಂದೇ ಹಂಬಲದ ಎರಡು ಕವಲುಗಳು ಎಂಬುದನ್ನು ಈ ಸಾಮ್ಯ ಸೂಚಿಸುತ್ತದೆ.

ಈ ಎರಡು ಕವಲುಗಳೂ ಕೂಡುವ ಸ್ಥಳದಲ್ಲಿ ನಿಂತವನು ಸ್ಕಾಟ್ಲೆಂಡಿನ ಕವಿ ಹಾಗೂ ಕಾದಂಬರಿಕಾರ ಜೇಮ್ಸ್ ಹಾಗ್ (1770–1835). ಅವನ ವಿಶೇಷವೆಂದರೆ, ಅವನು ಹುಡುಕಿಕೊಂಡು ಹೋದವರ ಕಡೆಯಿಂದ ಬಂದವನಲ್ಲ. ಹುಡುಕಲ್ಪಟ್ಟವರ ಕಡೆಯಿಂದ ಬಂದವನು. ಆದ್ದರಿಂದ ಅವನ ಗಾಥಿಕ್ ಕೃತಿಯನ್ನು ವಕ್ತೃವು ಸಂಗ್ರಾಹಕನಿಗೆ ನೀಡಿದ ಉತ್ತರವೆಂದು ಓದಲು ಅವಕಾಶವಿದೆ. ಪ್ರಸ್ತುತ ಲೇಖನ ಈ ಓದನ್ನು ಮುಂದಿಡುತ್ತದೆ.

ಎಟ್ರಿಕ್ ಕಣಿವೆಯ ಮನೆ

ಹಾಗ್ ಹುಟ್ಟಿದ್ದು ದಕ್ಷಿಣ ಸ್ಕಾಟ್ಲೆಂಡಿನ ಸೆಲ್ಕರ್ಕ್ ಪ್ರಾಂತದ ಎಟ್ರಿಕ್ ಕಣಿವೆಯಲ್ಲಿ. ಅವನಿಗೆ ದೀಕ್ಷಾಸ್ನಾನ ಮಾಡಿಸಿದ ದಿನ 1770ರ ಡಿಸೆಂಬರ್ 9. ತಂದೆ ರಾಬರ್ಟ್ ಹಾಗ್ ಗೇಣಿದಾರ. ಮಗ ಇನ್ನೂ ಚಿಕ್ಕವನಿರುವಾಗಲೇ ಅವನು ದಿವಾಳಿಯಾದ. ತನಗೆ ದೊರೆತ ಶಾಲಾ ಶಿಕ್ಷಣ ಒಟ್ಟು ಆರು ತಿಂಗಳಿನಷ್ಟು ಮಾತ್ರವೆಂದು ಹಾಗ್ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ದನ ಕಾಯುವ ಹುಡುಗನಾಗಿ ಆರಂಭಿಸಿ, ಬೆಳೆದ ಮೇಲೆ ಕುರಿಗಾಹಿಯಾಗಿ ಜೀತಕ್ಕೆ ನಿಂತ ಅವನು, 1790ರಿಂದ ಹತ್ತು ವರ್ಷ ಯಾರೋ ಕಣಿವೆಯ ಬ್ಲ್ಯಾಕ್‌ಹೌಸ್‌ನಲ್ಲಿ ಲೇಡ್‌ಲಾ ಮನೆತನದ ಕುರಿಗಳನ್ನು ಕಾಯ್ದ. ಅಕ್ಷರವನ್ನು ಅವನು ಪ್ರಾಯಕ್ಕೆ ಬಂದ ಮೇಲೆ, ಆ ಮನೆಯ ಪುಸ್ತಕಗಳ ನೆರವಿನಿಂದ, ತಾನೇ ಗಳಿಸಿಕೊಳ್ಳಬೇಕಾಯಿತು.

ಅಕ್ಷರಕ್ಕೆ ಮೊದಲು ಅವನಿಗೆ ದಕ್ಕಿದ್ದು ತಾಯಿ ಮಾರ್ಗರೆಟ್ ಲೇಡ್‌ಲಾಳ ನೆನಪಿನ ಭಂಡಾರ. ಆಕೆಯ ತಂದೆ ವಿಲ್ ಲೇಡ್‌ಲಾ ‘ವಿಲ್ ಓ ಫಾಪ್’ ಎಂಬ ಹೆಸರಿನಿಂದ ಪ್ರಸಿದ್ಧನಾದವನು. ಆ ಸೀಮೆಯಲ್ಲಿ ಕಿನ್ನರರೊಡನೆ ಮಾತನಾಡಿದ ಕೊನೆಯ ಮನುಷ್ಯ ಅವನೇ ಎಂಬ ನಂಬಿಕೆ ಜನರಲ್ಲಿತ್ತು. ಹೀಗೆ ಕಿನ್ನರಲೋಕ, ಮನೆಗೆಲಸ ಮಾಡಿಕೊಡುವ ಬ್ರೌನಿ, ಸತ್ತವರ ನೆರಳು, ಸೈತಾನ ಇವೆಲ್ಲ ಹಾಗ್‌ಗೆ ಓದಿನಿಂದ ಬಂದ ವಸ್ತುಗಳಲ್ಲ. ಮನೆತನದ ಚರಿತ್ರೆಯ ಭಾಗಗಳು.

1802ರಲ್ಲಿ ವಾಲ್ಟರ್ ಸ್ಕಾಟ್ ಈ ಮನೆಗೆ ಬಂದ. ಅವನ ‘ಮಿನ್‌ಸ್ಟ್ರೆಲ್ಸಿ ಆಫ್ ದಿ ಸ್ಕಾಟಿಷ್ ಬಾರ್ಡರ್’ ಸಂಗ್ರಹದ ಮೊದಲ ಎರಡು ಸಂಪುಟಗಳು ಅದೇ ವರ್ಷ ಪ್ರಕಟವಾಗಿದ್ದವು. ಮೂರನೆಯದು 1803ರಲ್ಲಿ ಬರಲಿತ್ತು. ಮಾರ್ಗರೆಟ್ ‘ಆಲ್ಡ್ ಮೇಟ್‌ಲಂಡ್’ ಎಂಬ ಕಥನಗೀತೆಯನ್ನು ಅವನಿಗೆ ಹಾಡಿ ತೋರಿಸಿದಳು. ಜೊತೆಗೆ, ಹಾಡುಗಳು ಇದ್ದದ್ದು ಹಾಡುವುದಕ್ಕೇ ಹೊರತು ಓದುವುದಕ್ಕಲ್ಲ, ಅಚ್ಚು ಹಾಕಿಸಿ ಅವುಗಳ ಸತ್ವವನ್ನು ಕೆಡಿಸಲಾಗಿದೆ, ಬರೆದುಕೊಂಡ ರೀತಿಯೂ ಸರಿಯಿಲ್ಲ ಎಂದು ಆಕೆ ಆಕ್ಷೇಪಿಸಿದಳೆಂದು ಹಾಗ್ ಹೇಳುತ್ತಾನೆ. ಪಾಶ್ಚಾತ್ಯ ಜಾನಪದ ಅಧ್ಯಯನದಲ್ಲಿ ವಕ್ತೃವೊಬ್ಬಳು ಸಂಗ್ರಾಹಕನ ಮುಖಕ್ಕೇ ಎತ್ತಿದ ಆಕ್ಷೇಪಗಳಲ್ಲಿ ಇದು ಅತ್ಯಂತ ಪ್ರಸಿದ್ಧವಾದುದು.

ಆದರೆ ಈ ಪ್ರಸಂಗವನ್ನು ಎಚ್ಚರದಿಂದ ಪರಿಶೀಲಿಸಬೇಕು. ತಾಯಿಯ ಈ ಮಾತುಗಳು ಪ್ರಸಿದ್ಧವಾದದ್ದು ಸ್ಕಾಟ್‌ನ ಮರಣಾನಂತರ, 1834ರಲ್ಲಿ, ಹಾಗ್ ಪ್ರಕಟಿಸಿದ ನೆನಪುಗಳಿಂದ. ಅಚ್ಚಿನ ವಿರುದ್ಧದ ಮಾತು ಅಚ್ಚಿನ ಮೂಲಕವೇ ಉಳಿದಿದೆ. ‘ಆಲ್ಡ್ ಮೇಟ್‌ಲಂಡ್’ ಗೀತೆಯೇ ಹಾಗ್‌ನ ಕೂಟರಚನೆಯೆಂಬ ಸಂಶಯವೂ ಇತ್ತು. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ತನ್ನ ಬೃಹತ್ ಸಂಗ್ರಹಕ್ಕೆ ಅದನ್ನು ಸೇರಿಸಿಕೊಳ್ಳಲಿಲ್ಲ. 1910ರಲ್ಲಿ ಆಂಡ್ರೂ ಲ್ಯಾಂಗ್ ಅದರ ಪರವಾಗಿ ವಾದಿಸಿದ. ಹಾಡಿದ ಮನೆಯವರೇ ಹಾಡು ಕಟ್ಟಬಲ್ಲರು ಎಂಬ ಸರಳ ಸಂಗತಿಯನ್ನು ಅಂದಿನ ‘ಪ್ರಾಚೀನತೆ’ಯ ಪರಿಕಲ್ಪನೆ ಒಪ್ಪಲು ಸಿದ್ಧವಿರಲಿಲ್ಲ ಎಂಬುದು ಈ ವಿವಾದದಿಂದ ಸ್ಪಷ್ಟವಾಗುತ್ತದೆ.

ಕಾವ್ಯ: ಪರಂಪರೆ ಮತ್ತು ಸ್ವಂತಿಕೆ

‘ದಿ ಮೌಂಟನ್ ಬಾರ್ಡ್’ (1807) ಸಂಕಲನವನ್ನು ಹಾಗ್ ಸ್ಕಾಟ್‌ನ ಅನುಕರಣಗಳಿಗೆ ಪ್ರತಿಯಾಗಿ ರಚಿಸಿದ. ಅದೇ ವರ್ಷ ಕುರಿಗಳ ರೋಗಗಳನ್ನು ಕುರಿತ ಕೈಪಿಡಿಯೊಂದನ್ನೂ ಪ್ರಕಟಿಸಿದ. ವ್ಯವಸಾಯದಲ್ಲಿ ಸೋತು 1810ರಲ್ಲಿ ಎಡಿನ್‌ಬರೊ ನಗರಕ್ಕೆ ಬಂದು ‘ದಿ ಸ್ಪೈ’ ಎಂಬ ವಾರಪತ್ರಿಕೆಯನ್ನು ಒಂದು ವರ್ಷ ನಡೆಸಿದ. ಅವನಿಗೆ ಕೀರ್ತಿ ತಂದದ್ದು ‘ದಿ ಕ್ವೀನ್ಸ್ ವೇಕ್’ (1813). 1561ರಲ್ಲಿ ಸ್ಕಾಟ್ಲೆಂಡಿಗೆ ಮರಳಿದ ರಾಣಿ ಮೇರಿಯ ಆಸ್ಥಾನದಲ್ಲಿ ಗಾಯಕರ ನಡುವೆ ನಡೆಯುವ ಸ್ಪರ್ಧೆ ಈ ಕಾವ್ಯದ ಚೌಕಟ್ಟು. ಅದರಲ್ಲಿ ಬಡ ಉಡುಗೆಯ ಎಟ್ರಿಕ್ ಗಾಯಕನೊಬ್ಬನಿದ್ದಾನೆ. ಮೊದಲ ಬಹುಮಾನ ಅವನಿಗೆ ಸಲ್ಲುವುದಿಲ್ಲ.

ಈ ಕಾವ್ಯದ ‘ಕಿಲ್ಮೆನಿ’ ಭಾಗದಲ್ಲಿ ಕಣಿವೆಗೆ ಒಬ್ಬಳೇ ಹೋದ ಕನ್ಯೆ ಕಾಣೆಯಾಗುತ್ತಾಳೆ. ಮನೆಯವರ ದುಃಖ ಶಮನವಾದ ಮೇಲೆ ಒಂದು ಸಂಜೆ ಹಿಂತಿರುಗುತ್ತಾಳೆ. ಆದರೆ ಈ ಲೋಕದಲ್ಲಿ ನೆಲೆನಿಲ್ಲಲಾರದೆ ಮತ್ತೆ ಹೊರಟುಹೋಗುತ್ತಾಳೆ. ಅನ್ಯಲೋಕಕ್ಕೆ ಒಯ್ಯಲ್ಪಟ್ಟವರ ಆಶಯ ಈ ಸೀಮೆಯ ಕಥನಗೀತೆಗಳಲ್ಲಿ ಆಳವಾಗಿ ಬೇರೂರಿದೆ. ಎಟ್ರಿಕ್ ಮತ್ತು ಯಾರೋ ನದಿಗಳು ಕೂಡುವ ಕಾರ್ಟರ್‌ಹಾ ಎಂಬ ಸ್ಥಳವೇ ‘ಟ್ಯಾಮ್ ಲಿನ್’ ಗೀತೆಯ ರಂಗಭೂಮಿ. ಆ ಗೀತೆಯಲ್ಲಿ ಒಯ್ಯಲ್ಪಟ್ಟವನನ್ನು ಪ್ರೀತಿಸಿದವಳು ಹಿಡಿದು ಮರಳಿ ಪಡೆಯುತ್ತಾಳೆ. ಹಾಗ್‌ನಲ್ಲಿ ಮರಳಿ ಪಡೆಯುವುದು ಸಾಧ್ಯವಾಗುವುದಿಲ್ಲ. ಆಶಯ ಪರಂಪರೆಯದು, ತಿರುವು ಕವಿಯದು. ಅದೇ ಕಾವ್ಯದ ‘ಫೈಫ್‌ನ ಮಾಟಗಾತಿ’ ಭಾಗದ ಅಂತ್ಯವನ್ನು ಸ್ಕಾಟ್‌ನ ಸಲಹೆಯಂತೆ ಬದಲಿಸಿ, ಸುಟ್ಟು ಸಾಯಬೇಕಿದ್ದ ಮುದುಕನನ್ನು ಬದುಕಿಸಲಾಯಿತು. ಅಚ್ಚಿನ ಅಭಿರುಚಿಗೆ ಕಥನ ಮಣಿದುದಕ್ಕೆ ಇದೊಂದು ನಿದರ್ಶನ.

ಸಂಗ್ರಾಹಕನಾಗಿಯೂ ಹಾಗ್ ನಿರ್ದೋಷಿಯಲ್ಲ. ‘ಜಾಕೊಬೈಟ್ ರೆಲಿಕ್ಸ್’ (1819, 1821) ಸಂಗ್ರಹದಲ್ಲಿ ತನ್ನದೇ ರಚನೆಯಾದ ‘ಡೊನಾಲ್ಡ್ ಮ್ಯಾಕ್‌ಗಿಲವ್ರಿ’ಯನ್ನು ಹಳೆಯ ಹಾಡುಗಳ ನಡುವೆ ಸೇರಿಸಿದ. ‘ಎಡಿನ್‌ಬರೊ ರಿವ್ಯೂ’ ಪತ್ರಿಕೆಯ ವಿಮರ್ಶಕ ಸಂಗ್ರಹವನ್ನು ಖಂಡಿಸುತ್ತಲೇ ಆ ಹಾಡನ್ನು ಮಾತ್ರ ವಿಶೇಷವಾಗಿ ಮೆಚ್ಚಿದಾಗ, ಅದು ತನ್ನದೆಂದು ಹಾಗ್ ಬಹಿರಂಗಪಡಿಸಿದ. ಇದನ್ನು ಕೇವಲ ವಂಚನೆಯೆಂದು ಕರೆದರೆ ಅರ್ಧ ಸತ್ಯವಾಗುತ್ತದೆ. ಸಂಗ್ರಾಹಕನ ಪ್ರಾಮಾಣಿಕತೆಯ ದೃಷ್ಟಿಯಿಂದ ಅದು ದೋಷವೇ. ಹಾಡುಗಾರನ ದೃಷ್ಟಿಯಿಂದ ಪರಂಪರೆಗೆ ಮತ್ತೊಂದು ನುಡಿಯನ್ನು ಸೇರಿಸುವುದು ಹಕ್ಕು. ಹಾಗ್ ಎರಡೂ ಆಗಿದ್ದ.

ಸಂಪಾದಕನೂ ಪಾಪಿಯೂ

ಹಾಗ್‌ನ ‘ದಿ ಬ್ರೌನಿ ಆಫ್ ಬಾಡ್ಸ್‌ಬೆಕ್’ (1818) ಕಾದಂಬರಿಯಲ್ಲಿ ಊರವರನ್ನು ಬೆದರಿಸುವ ಬ್ರೌನಿ ಕೊನೆಗೆ, ರಾಜನ ಸೈನ್ಯಕ್ಕೆ ಹೆದರಿ ಅಡಗಿಕೊಂಡ ಮತನಿಷ್ಠ ಬಂಡಾಯಗಾರರೆಂದು ತಿಳಿಯುತ್ತದೆ. ಭಯಕ್ಕೆ ಲೌಕಿಕ ವಿವರಣೆ ನೀಡುವ ಆನ್ ರ‍್ಯಾಡ್‌ಕ್ಲಿಫ್‌ಳ ಗಾಥಿಕ್ ಮಾದರಿ ಇಲ್ಲಿ ಕಾಣುತ್ತದೆ. ಆರು ವರ್ಷಗಳ ನಂತರ ಅನಾಮಧೇಯವಾಗಿ ಪ್ರಕಟವಾದ ‘ದಿ ಪ್ರೈವೇಟ್ ಮೆಮಾಯರ್ಸ್ ಅಂಡ್ ಕನ್ಫೆಷನ್ಸ್ ಆಫ್ ಎ ಜಸ್ಟಿಫೈಡ್ ಸಿನ್ನರ್’ (1824) ಈ ಸೌಲಭ್ಯವನ್ನು ನಿರಾಕರಿಸುತ್ತದೆ.

ಕೃತಿಯ ರಚನೆ ಗಮನಾರ್ಹ. ಮೊದಲು ವಿದ್ಯಾವಂತ ಸಂಪಾದಕನೊಬ್ಬ ಹದಿನೇಳನೆಯ ಶತಮಾನದ ಕೊನೆಯಲ್ಲಿ ಆರಂಭವಾಗುವ ಘಟನೆಗಳನ್ನು ನಿರೂಪಿಸುತ್ತಾನೆ. ಬಳಿಕ ಪಾಪಿಯ ಸ್ವಂತ ನಿವೇದನೆ ಬರುತ್ತದೆ. ಕೊನೆಗೆ ಮತ್ತೆ ಸಂಪಾದಕನ ಮಾತು. ಒಂದೇ ಕಥೆ ಎರಡು ಬಾರಿ ಹೇಳಲ್ಪಡುತ್ತದೆ. ಎರಡೂ ಪರಸ್ಪರ ಹೊಂದುವುದಿಲ್ಲ. ರಾಬರ್ಟ್ ರಿಂಗಿಮ್ ಎಂಬ ಯುವಕ ಕ್ಯಾಲ್ವಿನ್ ಪಂಥದ ಅತಿರೇಕದ ವ್ಯಾಖ್ಯಾನವೊಂದನ್ನು ನಂಬಿದ್ದಾನೆ. ದೇವರು ಅನಾದಿಯಲ್ಲಿಯೇ ಆಯ್ದುಕೊಂಡವರು ಯಾವ ಪಾಪ ಮಾಡಿದರೂ ಅವರ ಮೋಕ್ಷ ತಪ್ಪದು ಎಂಬುದು ಆ ನಂಬಿಕೆ. ತಾನು ಆಯ್ಕೆಯಾದವನೆಂದು ಖಚಿತವಾದ ದಿನವೇ ಅವನಿಗೆ ಗಿಲ್‌ಮಾರ್ಟಿನ್ ಎಂಬ ಅಪರಿಚಿತ ಎದುರಾಗುತ್ತಾನೆ. ಯಾರ ರೂಪವನ್ನಾದರೂ ತಳೆಯಬಲ್ಲ ಈ ಗೆಳೆಯ ರಾಬರ್ಟನನ್ನು ಕೊಲೆಗಳತ್ತ, ಕಡೆಗೆ ಆತ್ಮಹತ್ಯೆಯತ್ತ ಒಯ್ಯುತ್ತಾನೆ. ಗಿಲ್‌ಮಾರ್ಟಿನ್ ಸೈತಾನನೋ, ಕೆಟ್ಟ ಮನಸ್ಸಿನ ಭ್ರಮೆಯೋ ಎಂಬುದನ್ನು ಕೃತಿ ತೀರ್ಮಾನಿಸುವುದಿಲ್ಲ.

ಈ ಅನಿಶ್ಚಿತತೆಯ ನಡುವೆ ನಿಜವನ್ನು ಕಾಣಬಲ್ಲವರು ಯಾರು? ರಾಬರ್ಟನ ಅಣ್ಣ ಜಾರ್ಜ್‌ನ ಕೊಲೆಯ ವಿಷಯದಲ್ಲಿ ಕಾನೂನು ತಪ್ಪು ವ್ಯಕ್ತಿಯನ್ನು ಶಂಕಿಸುತ್ತದೆ. ಸತ್ಯವನ್ನು ಹೊರತೆಗೆಯುವವರು ಮನೆವಾರ್ತೆಯ ಹೆಂಗಸು ಲೋಗನ್ ಮತ್ತು ಕಳ್ಳತನದ ಆರೋಪ ಹೊತ್ತ ಬೆಲ್ ಕ್ಯಾಲ್ವರ್ಟ್. ಸೇವಕ ಸ್ಯಾಮ್ಯುಯಲ್ ಸ್ಕ್ರೇಪ್ ದಟ್ಟ ಸ್ಕಾಟ್ಸ್ ನುಡಿಯಲ್ಲಿ ರಾಬರ್ಟನಿಗೆ ಹೇಳುವ ಕಥೆಯಂತೂ ಕಾದಂಬರಿಯ ಕೀಲಿಕೈ. ಆಕ್ಟರ್‌ಮಕ್ಟಿ ಎಂಬ ಊರಿಗೆ ಬಂದ ಅಪರಿಚಿತ ಬೋಧಕನ ಪ್ರವಚನಕ್ಕೆ ಊರಿಗೆ ಊರೇ ಮರುಳಾಗುತ್ತದೆ. ರಾಬಿನ್ ರುದ್ವೆನ್ ಎಂಬ ಮುದುಕ ಮಾತ್ರ ಮುಂದೆ ಬಂದು ಬೋಧಕನ ನಿಲುವಂಗಿಯ ಅಂಚನ್ನು ಎತ್ತಿ ತೋರಿಸುತ್ತಾನೆ. ಒಳಗಿರುವುದು ಸೀಳು ಗೊರಸು.

ಈ ಕಥೆಯನ್ನು ಮೂಢನಂಬಿಕೆಯ ಅವಶೇಷವೆಂದು ಓದುವವರು ಅದರ ಕೆಲಸವನ್ನು ಗ್ರಹಿಸುವುದಿಲ್ಲ. ಅದು ಭಯಪಡಿಸುವ ಕಥೆಯಲ್ಲ, ಪರೀಕ್ಷಿಸುವ ಕಥೆ. ಮಾತು ಎಷ್ಟೇ ಪವಿತ್ರವಾಗಿದ್ದರೂ ಆಡಿದವನ ಕಾಲು ನೋಡಬೇಕೆಂಬ ವಿವೇಕ ಅದರಲ್ಲಿದೆ. ಶಾಸ್ತ್ರ ಓದಿದ ರಾಬರ್ಟನಿಗೆ ಮೋಕ್ಷ ಖಚಿತ. ತರ್ಕ ಓದಿದ ಸಂಪಾದಕನಿಗೆ ತನ್ನ ವಿವರಣೆ ಖಚಿತ. ಈ ಎರಡು ಅಕ್ಷರಸ್ಥ ಖಚಿತತೆಗಳ ನಡುವೆ ಸಂಶಯವನ್ನು ಉಳಿಸಿಕೊಂಡಿರುವುದು ಮೌಖಿಕ ಲೋಕ ಮಾತ್ರ. ಹಾಗ್‌ನ ಗಾಥಿಕ್‌ನಲ್ಲಿ ಭೀತಿಯ ಮೂಲ ದೆವ್ವವಲ್ಲ. ಸಂಶಯವನ್ನು ಕಳೆದುಕೊಂಡ ಮನಸ್ಸು.

ಅನುಭವದ ಆಧಾರವೂ ಅದೇ ನೆಲದ್ದು. ಆರ್ಥರ್ಸ್ ಸೀಟ್ ಬೆಟ್ಟದ ಮುಂಜಾವಿನ ಮಂಜಿನಲ್ಲಿ ಜಾರ್ಜ್‌ಗೆ ತಮ್ಮನ ದೈತ್ಯಾಕೃತಿ ಕಾಣುವ ಸನ್ನಿವೇಶ ಪ್ರಸಿದ್ಧವಾದುದು. ಕುರಿ ಕಾಯುವ ದಿನಗಳಲ್ಲಿ ಮಂಜಿನ ಮೇಲೆ ಬಿದ್ದ ತನ್ನದೇ ಬೃಹತ್ ನೆರಳನ್ನು ಕಂಡು ಬೆದರಿದುದನ್ನು ಹಾಗ್ ಬೇರೊಂದು ಬರಹದಲ್ಲಿ ವಿವರಿಸಿದ್ದಾನೆ.

ಕೃತಿಯ ಕೊನೆಯಲ್ಲಿ ಹಾಗ್ ತಾನೇ ಪಾತ್ರವಾಗಿ ಬರುತ್ತಾನೆ. 1823ರ ಆಗಸ್ಟಿನಲ್ಲಿ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯಲ್ಲಿ ಕೆಡದೆ ಉಳಿದ ಶವವೊಂದರ ಬಗ್ಗೆ ಅವನ ಪತ್ರ ನಿಜವಾಗಿಯೂ ಅಚ್ಚಾಗಿತ್ತು. ಕಾದಂಬರಿ ಅದನ್ನು ಒಳಗೊಳ್ಳುತ್ತದೆ. ಪತ್ರ ಓದಿದ ಸಂಪಾದಕ ಗೆಳೆಯರೊಡನೆ ಆತ್ಮಹತ್ಯೆಯ ಸಮಾಧಿಯನ್ನು ಅಗೆಯಲು ಎಟ್ರಿಕ್‌ಗೆ ಬಂದು, ಕುರಿ ಸಂತೆಯಲ್ಲಿ ಹಾಗ್‌ನನ್ನು ಭೇಟಿಯಾಗಿ ದಾರಿ ತೋರಿಸಲು ಕೇಳುತ್ತಾನೆ. ತನಗೆ ಮಾರಬೇಕಾದ ಕುರಿಗಳಿವೆ, ಹೆಣ ಅಗೆಯಲು ಬಿಡುವಿಲ್ಲವೆಂದು ಹಾಗ್ ತನ್ನ ನುಡಿಯಲ್ಲಿಯೇ ನಿರಾಕರಿಸುತ್ತಾನೆ. ಪತ್ರದಲ್ಲಿ ಸೂಚಿಸಿದ ಬೆಟ್ಟ ಬೇರೆ, ಸಮಾಧಿ ದೊರೆಯುವ ಬೆಟ್ಟ ಬೇರೆ. ತಾಯಿ ಹಾಡಿ ಆಕ್ಷೇಪಿಸಿದಳು. ಮಗ ದಾರಿ ತೋರಿಸಲು ಒಪ್ಪದೆ ಆಕ್ಷೇಪಿಸಿದ. 1802ರ ಮನೆಯಂಗಳ ಮತ್ತು 1824ರ ಕಾದಂಬರಿಯ ಸಂತೆ ಒಂದೇ ವಾಗ್ವಾದದ ಎರಡು ಘಟ್ಟಗಳು.

ಉತ್ತರಕಾಲದ ಹಾಗ್

ಅಗೆಯಲು ಬಂದವರು ಹಾಗ್‌ನನ್ನೂ ಬಿಡಲಿಲ್ಲ. ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯ ‘ನಾಕ್ಟೀಸ್ ಆಂಬ್ರೋಸಿಯಾನೆ’ ಸಂವಾದಮಾಲೆ (1822–1835) ಅವನನ್ನು ಕುಡುಕ, ಹೊಟ್ಟೆಬಾಕ, ಆದರೂ ರಸಿಕನಾದ ‘ಎಟ್ರಿಕ್ ಕುರಿಗಾಹಿ’ಯ ವ್ಯಂಗ್ಯಚಿತ್ರವಾಗಿಸಿತು. ಆ ಭಾಗಗಳನ್ನು ಹೆಚ್ಚಾಗಿ ಬರೆದವನು ಗೆಳೆಯ ಜಾನ್ ವಿಲ್ಸನ್. ಹಾಗ್ 1835ರ ನವೆಂಬರ್ 21ರಂದು ಯಾರೋ ಕಣಿವೆಯ ಆಲ್ಟ್ರೀವ್‌ನಲ್ಲಿ ತೀರಿಕೊಂಡ; ಎಟ್ರಿಕ್ ಚರ್ಚಿನ ಆವರಣದಲ್ಲಿ ಅವನ ಸಮಾಧಿಯಿದೆ. 1837ರ ಕಥಾಸಂಪುಟಗಳಲ್ಲಿ ‘ಕನ್ಫೆಷನ್ಸ್’ ತೀವ್ರವಾಗಿ ಕತ್ತರಿಸಲ್ಪಟ್ಟು, ಹೆಸರು ಬದಲಿಸಿಕೊಂಡು ಬಂದಿತು. ಆ ಶತಮಾನದ ಕೊನೆಯ ಭಾಗದಲ್ಲಿ ಜಾರ್ಜ್ ಸೇಂಟ್ಸ್‌ಬರಿಯಂಥ ವಿಮರ್ಶಕ, ಈ ಕಾದಂಬರಿಯಲ್ಲಿ ಸ್ಕಾಟ್‌ನ ಅಳಿಯ ಲಾಕ್‌ಹಾರ್ಟ್‌ನ ಕೈವಾಡವಿರಬೇಕೆಂದು ಊಹಿಸಿದ. ಹಾಡಿನ ವಿಷಯದಲ್ಲಿ ‘ಇದು ಪ್ರಾಚೀನವಲ್ಲ, ಕುರಿಗಾಹಿಯೇ ಬರೆದಿರಬೇಕು’ ಎಂಬ ಸಂಶಯ. ಕಾದಂಬರಿಯ ವಿಷಯದಲ್ಲಿ ‘ಇದನ್ನು ಕುರಿಗಾಹಿ ಬರೆದಿರಲಾರ’ ಎಂಬ ಸಂಶಯ. ಎರಡೂ ಒಂದೇ ಮನೋಧರ್ಮದಿಂದ ಹುಟ್ಟಿದವು.

1947ರಲ್ಲಿ ಆಂದ್ರೆ ಜೀದ್‌ನ ಪ್ರಸ್ತಾವನೆಯೊಡನೆ ಬಂದ ಮುದ್ರಣ ಕಾದಂಬರಿಗೆ ಹೊಸ ಓದುಗರನ್ನು ಒದಗಿಸಿತು. ಜೀದ್ ಅದನ್ನು ಪ್ರಧಾನವಾಗಿ ಮನಃಶಾಸ್ತ್ರೀಯ ನೆಲೆಯಲ್ಲಿ ಓದಿದ. ಆ ಓದಿನ ಲಾಭ ದೊಡ್ಡದು. ಆದರೆ ಸೇವಕನ ಕಥೆಯನ್ನೂ ಸಂತೆಯ ನಿರಾಕರಣೆಯನ್ನೂ ಅದು ಅಂಚಿಗೆ ಸರಿಸುತ್ತದೆ. ಡಗ್ಲಸ್ ಮ್ಯಾಕ್ ಅವರ ನೇತೃತ್ವದಲ್ಲಿ 1995ರಿಂದ ಪ್ರಕಟವಾಗತೊಡಗಿದ ಸ್ಟರ್ಲಿಂಗ್–ಸೌತ್ ಕೆರೊಲಿನಾ ಆವೃತ್ತಿ ಹಾಗ್‌ನ ಕತ್ತರಿಸದ ಪಠ್ಯಗಳನ್ನು ಮರಳಿ ಕೊಟ್ಟಿತು. ವಿಲ್ ಓ ಫಾಪ್‌ನ ವಂಶಕ್ಕೆ ಸೇರಿದ ಕೆನಡಾದ ಕಥೆಗಾರ್ತಿ, 2013ರ ನೊಬೆಲ್ ಪುರಸ್ಕೃತೆ ಆಲಿಸ್ ಮನ್ರೊ ‘ದಿ ವ್ಯೂ ಫ್ರಮ್ ಕಾಸಲ್ ರಾಕ್’ (2006) ಕೃತಿಯಲ್ಲಿ ಅದೇ ಕಣಿವೆಯ ನೆನಪುಗಳನ್ನು ಮತ್ತೆ ಕಥೆಯಾಗಿಸಿದರು.

ಸಮಾರೋಪ

ಹಾಗ್‌ನ ಪರಂಪರೆ ಗಾಥಿಕ್ ಸಾಹಿತ್ಯದ ಇತಿಹಾಸಕ್ಕೆ ಮಾತ್ರ ಸೇರಿದ್ದಲ್ಲ. ಜಾನಪದ ಸಂಗ್ರಹದ ವಿಧಾನಕ್ಕೂ ಅದು ಪ್ರಶ್ನೆಗಳನ್ನು ಒಡ್ಡುತ್ತದೆ. ಹಾಡನ್ನು ಬರೆದುಕೊಂಡ ಮಾತ್ರಕ್ಕೆ ಹಾಡಿದವರನ್ನು ಅರಿತಂತಾಗುವುದೇ? ವಕ್ತೃವಿಗೆ ಕಟ್ಟುವ, ತಿದ್ದುವ, ಮರೆಮಾಚುವ, ಕೊನೆಗೆ ಹೇಳದೆ ಇರುವ ಅಧಿಕಾರವಿಲ್ಲವೇ? ಸಂಪಾದಿತ ಪಠ್ಯದ ಅಚ್ಚುಕಟ್ಟುತನ ಯಾರ ಅನುಕೂಲಕ್ಕೆ? ಕ್ಷೇತ್ರಕಾರ್ಯ ಕೈಗೊಳ್ಳುವ ಯಾವುದೇ ಭಾಷೆಯ ವಿದ್ವಾಂಸರಿಗೆ ಇವು ಅನಿವಾರ್ಯ ಪ್ರಶ್ನೆಗಳು. ಕಾದಂಬರಿಯ ಸಂಪಾದಕ ಸಮಾಧಿಯಿಂದ ತಲೆಬುರುಡೆಯನ್ನೂ ಹಸ್ತಪ್ರತಿಯನ್ನೂ ಪಡೆಯುತ್ತಾನೆ. ಎಲ್ಲವನ್ನೂ ಪಡೆದ ಮೇಲೂ ತನಗೇನೂ ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಎಟ್ರಿಕ್‌ನ ಕುರಿಗಾಹಿ ಅಷ್ಟರಲ್ಲಿ ತನ್ನ ಕುರಿಗಳ ವ್ಯಾಪಾರಕ್ಕೆ ಮರಳಿರುತ್ತಾನೆ.