ಕಂಕಾಲೀ ದಿಬ್ಬದ ಜೈನಶಿಲ್ಪಗಳು ಮತ್ತು ನಗರ ವಸ್ತುಸಂಗ್ರಹಾಲಯಗಳ ಹೊಣೆ

ನಗರವೊಂದರ ಸಾರ್ವಜನಿಕ ವಸ್ತುಸಂಗ್ರಹಾಲಯದ ಹಿರಿಮೆಯನ್ನು ಅದರ ಕಟ್ಟಡದ ವಿಸ್ತಾರದಿಂದಲೋ, ಅಲ್ಲಿ ಶೇಖರವಾದ ವಸ್ತುಗಳ ಸಂಖ್ಯೆಯಿಂದಲೋ ಅಳೆಯುವುದು ರೂಢಿಯಾಗಿದೆ. ಹಸ್ತಪ್ರತಿಗಳ ಪರಿಚಯವುಳ್ಳವರಿಗೆ ಈ ಅಳತೆ ಸಾಲದೆಂಬುದು ಸುಲಭವಾಗಿ ವೇದ್ಯವಾಗುವ ಸಂಗತಿ. ಓಲೆಯ ಕಟ್ಟಿನಿಂದ ಪುಷ್ಪಿಕೆಯ ಗರಿಯೊಂದು ಕಳಚಿ ಬೇರೊಂದು ಕಟ್ಟಿಗೆ ಸೇರಿದರೆ ಗ್ರಂಥದ ಒಂದಕ್ಷರವೂ ನಾಶವಾಗುವುದಿಲ್ಲ. ಆದರೂ ಬರೆದವನು ಯಾರು, ಬರೆಯಿಸಿದವರು ಯಾರು, ಕಾಲ ಯಾವುದು ಎಂಬುದೆಲ್ಲ ಮರೆಯಾಗುತ್ತದೆ. ಶಿಲ್ಪಗಳ ವಿಷಯದಲ್ಲಿಯೂ ಹೀಗೆಯೇ. ಮಥುರೆಯ ಕಂಕಾಲೀ ದಿಬ್ಬದಲ್ಲಿ ದೊರೆತ ಜೈನ ಅವಶೇಷಗಳ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ.

ಮಥುರೆಯ ವಸ್ತುಸಂಗ್ರಹಾಲಯವನ್ನು 1874ರಲ್ಲಿ ಅಲ್ಲಿನ ಕಲೆಕ್ಟರನಾಗಿದ್ದ ಗ್ರೌಸ್ ಸ್ಥಾಪಿಸಿದನು. ಕಂಕಾಲೀ ದಿಬ್ಬವನ್ನು 1871ರಲ್ಲಿ ಕನಿಂಗ್‌ಹ್ಯಾಮ್ ಶೋಧಿಸಿದ್ದನು. ಗ್ರೌಸನೂ ಅಲ್ಲಿ ಅಗೆಯಿಸಿದನು. ಆದರೆ ಅತ್ಯಂತ ಹೆಚ್ಚಿನ ಫಲ ದೊರೆತದ್ದು 1888ರಿಂದ 1891ರ ವರೆಗೆ ಫ್ಯೂರರ್ ನಡೆಸಿದ ಉತ್ಖನನದಲ್ಲಿ. ಆತನು ಲಖನೌ ಪ್ರಾಂತೀಯ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದುದರಿಂದ ದೊರೆತ ಶಿಲ್ಪಗಳ ಬಹುಭಾಗ ಲಖನೌಗೆ ಹೋಯಿತು. ಸಿಂಹನಾದಿಕನು ಮಾಡಿಸಿದ ಪ್ರಸಿದ್ಧ ಆಯಾಗಪಟವಿರುವುದು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ. ಹೀಗೆ ಒಂದೇ ಕ್ಷೇತ್ರದ ಸಾಮಗ್ರಿ ಮೂರು ನಗರಗಳಲ್ಲಿ ಹಂಚಿಹೋಗಿದೆ.

ಹಂಚಿಕೆಗಿಂತಲೂ ದೊಡ್ಡ ನಷ್ಟ ಬೇರೆ. ಯಾವ ವಿಗ್ರಹ ಯಾವ ಆಳದಲ್ಲಿ, ಯಾವ ಗೋಡೆಯ ಬಳಿ, ಯಾವುದರ ಜೊತೆಯಲ್ಲಿ ಸಿಕ್ಕಿತೆಂಬುದಕ್ಕೆ ಫ್ಯೂರರ್ ಸಮರ್ಪಕವಾದ ದಾಖಲೆಯನ್ನು ಉಳಿಸಲಿಲ್ಲ. 1898ರಲ್ಲಿ ಆತನು ಕೆಲಸ ಬಿಡಬೇಕಾಗಿ ಬಂದ ಮೇಲೆ, ಸಿದ್ಧವಾಗಿದ್ದ ಚಿತ್ರಫಲಕಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು ವಿನ್ಸೆಂಟ್ ಸ್ಮಿತ್ 1901ರಲ್ಲಿ ಮಥುರೆಯ ಜೈನಸ್ತೂಪವನ್ನು ಕುರಿತ ಗ್ರಂಥವನ್ನು ಹೊರತಂದನು. ಸ್ತೂಪದ ಇಟ್ಟಿಗೆ ಕಟ್ಟಡಕ್ಕೂ ಅದರ ಸುತ್ತ ದೊರೆತ ನೂರಾರು ಶಿಲ್ಪಗಳಿಗೂ ಇದ್ದ ಸಂಬಂಧವನ್ನು ಇಂದು ಪೂರ್ಣವಾಗಿ ಮರಳಿ ಕಟ್ಟುವುದು ಅಸಾಧ್ಯ. ಶ್ರವಣಬೆಳಗೊಳದ ಸ್ಥಿತಿಯೊಡನೆ ಹೋಲಿಸಿದರೆ ಅಂತರ ತಿಳಿಯುತ್ತದೆ. ಅಲ್ಲಿ ರೈಸ್ 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದನು. 1923ರ ಪರಿಷ್ಕೃತ ಆವೃತ್ತಿಯಲ್ಲಿ ನರಸಿಂಹಾಚಾರ್ಯರು ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಬಂಡೆಯ ಮೇಲಿನ ಬರಹ ಬಂಡೆಯಲ್ಲಿಯೇ ಉಳಿದಿರುವುದರಿಂದ ಸಂಶಯ ಬಂದ ಓದುಗನು ಬೆಟ್ಟವೇರಿ ಅಕ್ಷರವನ್ನೂ ಸ್ಥಳವನ್ನೂ ಒಟ್ಟಿಗೆ ನೋಡಬಲ್ಲನು. ಮಥುರೆಯ ವಿಷಯದಲ್ಲಿ ಆ ಸೌಲಭ್ಯವಿಲ್ಲ. ಸ್ಥಳ ಹೋದ ಮೇಲೆ ಉಳಿದಿರುವುದು ಪೀಠದ ಲೇಖ, ಸಂಗ್ರಹಾಲಯದ ಕ್ರಮಸಂಖ್ಯೆ ಇವೆರಡೇ. ಇವನ್ನಾದರೂ ಅಖಂಡವಾಗಿ ಕಾಪಾಡುವುದು ಸಂಗ್ರಹಾಲಯಗಳ ಮೊದಲ ಹೊಣೆ.

ಪೀಠಲೇಖಗಳ ಬೆಲೆ ಎಷ್ಟೆಂಬುದನ್ನು ಬ್ಯೂಲರ್ ತೋರಿಸಿಕೊಟ್ಟನು. ಜೈನ ಪರಂಪರೆಯ ಪ್ರಾಚೀನತೆಯನ್ನು ಶಂಕಿಸುವವರು ಇದ್ದ ಕಾಲವದು. ಕಲ್ಪಸೂತ್ರದ ಸ್ಥವಿರಾವಳಿಯಲ್ಲಿ ಬರುವ ಗಣ, ಕುಲ, ಶಾಖೆಗಳ ಹೆಸರುಗಳು ಬಹಳ ತಡವಾದ ಹಸ್ತಪ್ರತಿಗಳಲ್ಲಿ ಮಾತ್ರ ಲಭ್ಯವಿದ್ದುದರಿಂದ ಅವು ಕಲ್ಪಿತವೆಂದು ಹೇಳಲು ಅವಕಾಶವಿತ್ತು. ಕುಷಾಣ ಕಾಲದ ಪೀಠಗಳಲ್ಲಿ ಕೊಟ್ಟಿಯ ಗಣವೇ ಮೊದಲಾದ ಅದೇ ಹೆಸರುಗಳು ಕಾಣಿಸಿಕೊಂಡಾಗ ಆ ಅವಕಾಶ ಇಲ್ಲವಾಯಿತು. ಅಷ್ಟೇ ಅಲ್ಲ, ಕಲ್ಲು ಓಲೆಯನ್ನು ತಿದ್ದಿತು. ಕಲ್ಪಸೂತ್ರದ ಪ್ರತಿಗಳಲ್ಲಿ ‘ಚಾರಣ’ ಎಂದಿರುವ ಗಣದ ಹೆಸರು ಶಿಲಾಲೇಖಗಳಲ್ಲಿ ‘ವಾರಣ’ ಎಂದಿದೆ. ಹಳೆಯ ಬ್ರಾಹ್ಮಿಯಲ್ಲಿ ಚಕಾರ ವಕಾರಗಳು ಒಂದರಂತೊಂದು ಕಾಣುವುದರಿಂದ ಲಿಪಿಕಾರರ ಕೈಯಲ್ಲಿ ಈ ಪಲ್ಲಟವಾಗಿದೆ. ಹಸ್ತಪ್ರತಿಗಳನ್ನು ಮಾತ್ರ ತಾಳೆನೋಡುವ ಸಂಪಾದಕನಿಗೆ ಎಂದಿಗೂ ಸಿಕ್ಕದ ಪಾಠವಿದು.

ಲಖನೌ ಸಂಗ್ರಹದಲ್ಲಿ ಜೆ. 24 ಎಂಬ ಸಂಖ್ಯೆಯುಳ್ಳ ಸರಸ್ವತೀ ವಿಗ್ರಹವು ಇನ್ನೊಂದು ಸಾಕ್ಷಿ. ಶಿರೋಭಾಗ ಹೋಗಿದೆ, ಎಡಗೈಯಲ್ಲಿ ಪುಸ್ತಕ ಉಳಿದಿದೆ. 54ನೆಯ ವರ್ಷದಲ್ಲಿ ಸಿಂಹನ ಮಗನಾದ ಗೋವನೆಂಬ ಲೋಹಕಾರನು ವಾಚಕ ಆರ್ಯದೇವನ ಉಪದೇಶದಂತೆ ಇದನ್ನು ಪ್ರತಿಷ್ಠೆ ಮಾಡಿಸಿದನೆಂದು ಪೀಠ ಹೇಳುತ್ತದೆ. ಶ್ರುತದ ಅಧಿದೇವತೆ, ಆಕೆಯ ಕೈಯಲ್ಲಿ ಪುಸ್ತಕ, ಉಪದೇಶಿಸಿದವನು ವಾಚಕ, ಮಾಡಿಸಿದವನು ಕುಶಲಕರ್ಮಿ. ಇವು ನಾಲ್ಕೂ ಒಂದೆಡೆ ಕೂಡಿರುವುದು ಆಗಮಗಳ ಬರವಣಿಗೆಯ ಇತಿಹಾಸವನ್ನು ಚಿಂತಿಸುವವರಿಗೆ ಮಹತ್ತ್ವದ ಸಂಗತಿ. ಈ ವಿಗ್ರಹದ ಮುಂದೆ ‘ಸರಸ್ವತಿ, ಕೆಂಪು ಮರಳುಗಲ್ಲು, ಕುಷಾಣ ಕಾಲ’ ಎಂದಷ್ಟೇ ಬರೆದ ಫಲಕ ಅಸತ್ಯವಲ್ಲ. ಆದರೆ ಅದು ಪುಷ್ಪಿಕೆಯನ್ನು ಕಿತ್ತ ಓಲೆಗೆ ಸಮಾನ. ಮಥುರೆಯ ಸಂಗ್ರಹಾಲಯದ ಕ್ಯೂ. 2 ಸಂಖ್ಯೆಯ ಆಯಾಗಪಟವೂ ಹೀಗೆಯೇ. ಗಣಿಕೆ ಲೋಣಶೋಭಿಕೆಯ ಮಗಳಾದ ವಸು ನಿರ್ಗ್ರಂಥರ ಅರ್ಹದಾಯತನದಲ್ಲಿ ದೇವಕುಲ, ಆಯಾಗಸಭೆ, ಅರವಟಿಗೆ, ಶಿಲಾಪಟಗಳನ್ನು ಮಾಡಿಸಿದಳೆಂಬ ಮಾತನ್ನು ಬಿಟ್ಟರೆ ಆ ಪಟದಲ್ಲಿ ಸ್ತೂಪದ ಚಿತ್ರ ಉಳಿಯುತ್ತದೆ, ಶ್ರಾವಕ ಸಂಘದ ಚರಿತ್ರೆ ಉಳಿಯುವುದಿಲ್ಲ.

ಫಲಕದ ಬರಹದಲ್ಲಿ ಮತ್ತೊಂದು ಅಪಾಯವಿದೆ. ಇಲ್ಲಿನ ಜಿನಬಿಂಬಗಳು ನಗ್ನವಾಗಿವೆ. ಲೇಖಗಳ ಗಣಶಾಖೆಗಳಾದರೋ ಶ್ವೇತಾಂಬರರು ರಕ್ಷಿಸಿದ ಸ್ಥವಿರಾವಳಿಗೆ ಹೊಂದುತ್ತವೆ. ಕಣ್ಹ ಶ್ರಮಣನ ಶಿಲ್ಪದಲ್ಲಿ ಮುನಿಯು ಮುಂಗೈಯ ಮೇಲೆ ವಸ್ತ್ರಖಂಡವನ್ನು ಇಳಿಬಿಟ್ಟಿದ್ದಾನೆ. ಹರಿಷೇಣನ ಬೃಹತ್ಕಥಾಕೋಶದಲ್ಲಿ ಬರುವ ಅರ್ಧಫಾಲಕರ ಪ್ರಸಂಗವನ್ನು ವಿದ್ವಾಂಸರು ಇದರೊಡನೆ ಸೇರಿಸಿ ನೋಡಿದ್ದಾರೆ. ಹೀಗಿರುವಾಗ ಇವನ್ನು ಒಂದೇ ಮಾತಿನಲ್ಲಿ ದಿಗಂಬರವೆಂದಾಗಲಿ ಶ್ವೇತಾಂಬರವೆಂದಾಗಲಿ ಗುರುತಿಸಿದರೆ ಸಂಪ್ರದಾಯಗಳ ರೇಖೆ ಗಟ್ಟಿಯಾಗುವುದಕ್ಕೆ ಮುಂಚಿನ ಸ್ಥಿತಿಯನ್ನು ಅಳಿಸಿದಂತಾಗುತ್ತದೆ. ಉಭಯ ಪಕ್ಷದ ಪಂಡಿತರೂ ಇಲ್ಲಿ ಸಂಯಮ ತೋರುವುದು ಉಚಿತ.

ದೇವನಿರ್ಮಿತ ಸ್ತೂಪವನ್ನು ಉಲ್ಲೇಖಿಸುವ ಪೀಠದ ಮೇಲಿನ ತೀರ್ಥಂಕರನ ಹೆಸರನ್ನು ಬ್ಯೂಲರ್ ನಂದ್ಯಾವರ್ತನೆಂದು ಓದಿದನು. ಮುಂದೆ ಕೃಷ್ಣದತ್ತ ವಾಜಪೇಯಿ ಅವರು ಮುನಿಸುವ್ರತನೆಂದು ಓದಿದರು. ವರ್ಷವನ್ನೂ 79 ಎಂದೂ 49 ಎಂದೂ ಓದಿದವರಿದ್ದಾರೆ. ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಯೂ ಮಥುರೆಯ ದೇವನಿರ್ಮಿತ ಸ್ತೂಪವನ್ನು ಬಲ್ಲವನು. ಶಿಲೆಗೂ ಗ್ರಂಥಕ್ಕೂ ಇಷ್ಟು ದೀರ್ಘವಾದ ನಂಟಿರುವಲ್ಲಿ ಪಾಠನಿರ್ಣಯಕ್ಕೆ ಮೂಲಶಿಲೆಯ ದರ್ಶನ ಅಥವಾ ಸ್ಫುಟವಾದ ಪಡಿಯಚ್ಚು ವಿದ್ವಾಂಸರಿಗೆ ಅಡೆತಡೆಯಿಲ್ಲದೆ ದೊರೆಯಬೇಕು.

ಪೂಜಾರ್ಹವಾದ ಬಿಂಬಗಳನ್ನು ಪ್ರದರ್ಶನದ ವಸ್ತುಗಳಾಗಿ ನಿಲ್ಲಿಸುವುದೇ ಅನುಚಿತವೆಂಬ ಆಕ್ಷೇಪ ಶ್ರಾವಕರಲ್ಲಿ ಉಂಟು. ಅದರ ಹಿಂದಿನ ಶ್ರದ್ಧೆ ಗೌರವಾರ್ಹ. ಆದರೆ ನೆಲದಡಿಯಿಂದ ಭಗ್ನವಾಗಿ ಹೊರಬಂದ ಈ ಬಿಂಬಗಳು ಶಾಸ್ತ್ರದೃಷ್ಟಿಯಿಂದ ಪುನಃ ಪ್ರತಿಷ್ಠೆಗೆ ತಕ್ಕವೇ ಎಂಬುದು ವಿಚಾರಣೀಯ. ನಿತ್ಯಾಭಿಷೇಕದಿಂದ ಪೀಠದ ಅಕ್ಷರಗಳು ಸವೆಯುವುದಂತೂ ಪ್ರತ್ಯಕ್ಷ. ರಕ್ಷಣೆಯ ಮಟ್ಟಿಗೆ ಸಂಗ್ರಹಾಲಯಗಳು ಮಾಡಿದ ಉಪಕಾರವನ್ನು ಅಲ್ಲಗಳೆಯಲಾಗದು. ಫೋಗೆಲ್ 1910ರಲ್ಲಿ ಮಥುರೆಯ ಸಂಗ್ರಹಕ್ಕೆ ಸಿದ್ಧಪಡಿಸಿದ ಸೂಚಿಯೂ, ಆಮೇಲೆ ವಾಸುದೇವಶರಣ ಅಗ್ರವಾಲರು ಮಾಡಿದ ಸೂಚಿಗಳೂ ಇಲ್ಲದಿದ್ದರೆ ಇಂದಿನ ಅಧ್ಯಯನ ನಡೆಯುತ್ತಿರಲಿಲ್ಲ. ಡ್ಯಾಂಪಿಯರ್ ಉದ್ಯಾನದ ಈಗಿನ ಕಟ್ಟಡ ಫೋಗೆಲನ ಸೂಚಿಗಿಂತ ಈಚಿನದೆಂಬುದನ್ನು ಹೊಸ ಸಂಗ್ರಹಾಲಯಗಳನ್ನು ಯೋಜಿಸುವವರು ಗಮನಿಸಬೇಕು. ಸೂಚಿಯಿಲ್ಲದ ಸಂಗ್ರಹಕ್ಕೆ ಭವ್ಯವಾದ ಮನೆ ಕಟ್ಟಿದರೆ ವಸ್ತುಗಳು ಮತ್ತೊಮ್ಮೆ ಸ್ಥಳಾಂತರಗೊಳ್ಳುತ್ತವೆಯೇ ಹೊರತು ಜ್ಞಾನ ಬೆಳೆಯದು.

ಚೆದರಿದ ಶಿಲ್ಪಗಳನ್ನೆಲ್ಲ ಒಂದೇ ನಗರಕ್ಕೆ ತರುವುದು ಸುಲಭವಲ್ಲ, ಅವಶ್ಯಕವೂ ಅಲ್ಲ. ಮಥುರೆ, ಲಖನೌ, ದೆಹಲಿಗಳ ಸಂಗ್ರಹಗಳಿಗೆ ಒಂದು ಸಂಯುಕ್ತ ಸೂಚಿ ಬೇಕು. ಪ್ರತಿಯೊಂದು ಶಿಲ್ಪದ ಹಳೆಯ ಹೊಸ ಕ್ರಮಸಂಖ್ಯೆಗಳು, ದೊರೆತ ಸ್ಥಳ, ಲೇಖದ ಪೂರ್ಣಪಾಠ, ವಿದ್ವಾಂಸರ ಪಾಠಾಂತರಗಳು, ಲೇಖದ ಛಾಯಾಚಿತ್ರ ಅದರಲ್ಲಿ ಒಂದೆಡೆ ಸೇರಬೇಕು. ಮುಖ್ಯ ಲೇಖಗಳ ಪಡಿಯಚ್ಚುಗಳನ್ನು ಮಥುರೆಯಲ್ಲಿಯೇ ಇರಿಸಬೇಕು. ಫಲಕಗಳಲ್ಲಿ ದಾನಿಯ ಹೆಸರೂ ಗಣಕುಲಗಳೂ ಕಾಣಬೇಕು. ಈ ಕಾರ್ಯಕ್ಕೆ ಶಿಲ್ಪಶಾಸ್ತ್ರಜ್ಞರಷ್ಟೇ ಸಾಲರು; ಪ್ರಾಕೃತವನ್ನೂ ಸ್ಥವಿರಾವಳಿಗಳನ್ನೂ ಬಲ್ಲ ಪಂಡಿತರು ನೆರವಾಗಬೇಕು. ಹಸ್ತಪ್ರತಿಗಳ ಸೂಚಿಗಳಲ್ಲಿ ಆದಿ, ಅಂತ್ಯ, ಪುಷ್ಪಿಕೆಗಳನ್ನು ತಪ್ಪದೆ ಉದ್ಧರಿಸುವ ಕ್ರಮ ಜೈನ ಭಂಡಾರಗಳ ಅಧ್ಯಯನದಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಅದೇ ಕ್ರಮವನ್ನು ಶಿಲಾಪೀಠಗಳಿಗೂ ಅನ್ವಯಿಸುವುದು ಈಗ ಆಗಬೇಕಾದ ಕೆಲಸ.